ಸರ್, ನನ್ನ ಚಾನ್ಸ್ ಎಷ್ಟ್ ಐತ್ರಿ?

2023ರ ಆಗಸ್ಟ್. ಎರಡನೇ ಪಿರಿಯಡ್ ಮುಗಿದು ಮೂರನೆಯದರ ಗಂಟೆ ಹೊಡೆಯುವ ಮುಂಚಿನ ಐದು ನಿಮಿಷ. ಸ್ಟಾಫ್ ರೂಮಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಬ್ಬ ಹುಡುಗ ನಿಂತಿದ್ದ. ದ್ವಿತೀಯ ಪಿಯುಸಿ, ಸೈನ್ಸು. ಟಿಕೋಟಾ ಕಡೆಯ ಹಳ್ಳಿಯಿಂದ ದಿನಾ ಬಸ್ಸಿಗೆ ಬಂದು ಹೋಗುವವನು. ನನ್ನ ಇಂಗ್ಲಿಷ್ ತರಗತಿಯಲ್ಲಿ ಮೂರನೇ ಬೆಂಚಿನ ಗೋಡೆ ಬದಿಗೆ ಕೂತು, ಕೇಳಿದ್ದಕ್ಕಷ್ಟೇ ಉತ್ತರ ಹೇಳಿ ಸುಮ್ಮನಾಗುವ ಪೈಕಿ. ಒಳಗೆ ಬಂದವನು ಸುತ್ತುಬಳಸದೆ ಕೇಳಿದ: 'ಸರ್, ಎಂಐಟಿಗೆ ಅರ್ಜಿ ಹಾಕ್ಬೇಕಂತ ಮಾಡೀನ್ರಿ. ನನ್ನ ಚಾನ್ಸ್ ಎಷ್ಟ್ ಐತ್ರಿ?'

ಪಕ್ಕದ ಟೇಬಲ್ಲಿನ ಕೆಮಿಸ್ಟ್ರಿ ಮಾಸ್ತರರು ತಿದ್ದುತ್ತಿದ್ದ ಪೇಪರಿನಿಂದ ತಲೆ ಎತ್ತದೇ, 'ಮಣಿಪಾಲದಾಗ ಫೀ ಭಾಳ ಐತೋ ತಮ್ಮಾ' ಅಂದರು. 'ಮಣಿಪಾಲ ಅಲ್ರಿ ಸರ್, ಅಮೆರಿಕಾದ್ದು' ಅಂದ ಹುಡುಗ. ರೂಮಿನಲ್ಲಿ ಒಂದು ಕ್ಷಣ ಫ್ಯಾನಿನ ಸದ್ದಷ್ಟೇ. ಆಮೇಲೆ ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ. ಮನೆಯ ಕೂಸು ಚಂದ್ರ ಬೇಕು ಅಂದಾಗ ಹಿರಿಯರು ನಗುತ್ತಾರಲ್ಲ, ಆ ನಮೂನಿ.

ಅವನು ಕೇಳಿದ ಧಾಟಿ ಮಾತ್ರ ಟಿಕೋಟಾ ಬಸ್ಸು ಎಷ್ಟೊತ್ತಿಗೆ ಅಂತ ಸ್ಟ್ಯಾಂಡಿನಲ್ಲಿ ವಿಚಾರಿಸಿದ ಹಾಗಿತ್ತು. ಉತ್ತರ ಒಂದು ಸಂಖ್ಯೆ ಇದ್ದೇ ಇರುತ್ತದೆ, ಸರ್ ಹತ್ತಿರ ಅದು ಗೊತ್ತಿರುತ್ತದೆ ಅನ್ನುವ ನಂಬಿಕೆ. ನಾನೂ ಮಾಸ್ತರ ಅಲ್ಲವೇ, ಗೊತ್ತಿಲ್ಲ ಅನ್ನಲು ಬಾಯಿ ಬರಲಿಲ್ಲ. ಮೊಬೈಲ್ ತೆಗೆದು ನೋಡಿ, ಒಟ್ಟಾರೆ ನೂರಕ್ಕೆ ನಾಲ್ಕು-ಐದು ಮಂದಿಗೆ ಸಿಗುತ್ತದೆ, ಹೊರದೇಶದವರಿಗೆ ನೂರಕ್ಕೆ ಎರಡರ ಆಸುಪಾಸು ಅಂದೆ. ಅವನು ಸ್ವಲ್ಪ ಹೊತ್ತು ಲೆಕ್ಕ ಹಾಕಿ, 'ಹಂಗಾರ ಐವತ್ತ್ ವರ್ಷ ಹಾಕಿದ್ರ ಒಮ್ಮೆ ಸಿಗ್ತೈತಿ ಅನ್ರಿ' ಅಂದ. ಗಂಟೆ ಹೊಡೆಯಿತು, ಹೋದ.

ಫಲಿತಾಂಶ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಬರಹ ಅದರ ಬಗ್ಗೆ ಅಲ್ಲ. ಸೀಟು ಸಿಗಲಿಲ್ಲ. ಈಗ ಅವನು ಇದೇ ರಾಜ್ಯದ ಒಂದು ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿದ್ದಾನೆ, ಅಡ್ಡಿಯಿಲ್ಲ. ಆದರೆ ನಾನು ಅವತ್ತು ಕೊಟ್ಟ ಉತ್ತರ ಇವತ್ತಿಗೂ ನನಗೆ ಚುಚ್ಚುತ್ತದೆ. ಲೆಕ್ಕದಲ್ಲಿ ಅದು ಸರಿ. ಆದರೆ ಅದು ಅವನಿಗೆ ಸಂಬಂಧಪಟ್ಟ ಉತ್ತರವೇ ಆಗಿರಲಿಲ್ಲ.

ಕಟ್‌ಆಫ್ ಸೀಮೆಯವರು

ವಿಜಯಪುರದವರಿಗೆ ಸೀಟಿನ ಲೆಕ್ಕ ಯಾರೂ ಹೇಳಿಕೊಡಬೇಕಾಗಿಲ್ಲ. ಇಲ್ಲಿ ನಾಲ್ಕನೇ ಇಯತ್ತೆಯ ಮಕ್ಕಳಿಗೇ ಕೋಚಿಂಗ್. ಹಾದಿಬದಿಯ ಗೋಡೆಗಳ ಮೇಲೆ ನವೋದಯ, ಸೈನಿಕ, ಕಿತ್ತೂರು, ಮೊರಾರ್ಜಿ ಅಂತ ಒಂದೇ ಉಸಿರಿನಲ್ಲಿ ಬರೆದಿರುತ್ತಾರೆ, ನಾಲ್ಕು ಧಾಮದ ಯಾತ್ರೆಗೆ ಬಸ್ ಬಿಡುವವರ ಹಾಗೆ. ಸೈನಿಕ ಶಾಲೆ ನಮ್ಮೂರಲ್ಲೇ 1963ರಿಂದ ಇದೆ. ಅದರ ಕಂಪೌಂಡಿನ ಹೊರಗೆ ಟಿಫಿನ್ ಡಬ್ಬಿ ಹಿಡಿದು ಪರೀಕ್ಷೆ ಮುಗಿಯುವುದನ್ನು ಕಾಯುವ ತಂದೆ-ತಾಯಂದಿರನ್ನು ನಾನು ಚಿಕ್ಕವನಿದ್ದಾಗಿನಿಂದ ನೋಡಿದ್ದೇನೆ. ನವೋದಯಕ್ಕೆ ಒಂದು ಶಾಲೆಗೆ ಎಂಬತ್ತು ಸೀಟು, ಇಡೀ ಜಿಲ್ಲೆ ಅದಕ್ಕೆ ಕುಸ್ತಿ ಹಿಡಿಯುತ್ತದೆ. ಆರನೇ ಇಯತ್ತೆಗೆ ಮೊದಲೇ ನಮ್ಮ ಮಕ್ಕಳು ಒಮ್ಮೆ ಆಯ್ಕೆಯಾಗಿರುತ್ತಾರೆ ಇಲ್ಲಾ ಬಿದ್ದಿರುತ್ತಾರೆ.

ಹೀಗಾಗಿ ಚಾನ್ಸ್ ಅನ್ನುವ ಮಾತಿಗೆ ನಮ್ಮಲ್ಲಿ ಒಂದು ಸ್ಪಷ್ಟ ಅರ್ಥವಿದೆ. ಅದು ಗೆರೆ. ಹೋದ ವರ್ಷ ಗೆರೆ ಎಲ್ಲಿತ್ತು, ಈ ವರ್ಷ ನೀನು ಎಲ್ಲಿ ನಿಂತಿದ್ದೀಯ, ಮುಗಿಯಿತು. ಸಿಇಟಿ ರಿಸಲ್ಟ್ ಬಂದ ವಾರ ನಮ್ಮ ಕಾಲೇಜಿನ ಪ್ಯೂನ್ ಕೂಡ ಜೋಯಿಸನಾಗುತ್ತಾನೆ: ರ‍್ಯಾಂಕ್ ಹೇಳು, ಗ್ರಾಮೀಣ ಐತೇನು, ಕನ್ನಡ ಮಾಧ್ಯಮ ಐತೇನು, ಹಂಗಾದ್ರ ಇಂಥಾ ಕಾಲೇಜು. ಅವನು ಹೇಳಿದ್ದು ತಪ್ಪುವುದೂ ಕಡಿಮೆ. ಗ್ರಾಮೀಣಕ್ಕೆ ನೂರಕ್ಕೆ ಹದಿನೈದು, ಕನ್ನಡ ಮಾಧ್ಯಮಕ್ಕೆ ಐದು, ಎಲ್ಲವೂ ಕಾಗದದ ಮೇಲಿದೆ. ಬೈಯುವುದಿದ್ದರೂ ಓದಿಕೊಂಡು ಬೈಯಬಹುದು.

ಹಾಗಂತ ನಮ್ಮ ಶೇಕಡಾವಾರು ಲೆಕ್ಕಗಳೂ ಅಷ್ಟೇನು ಮುಗ್ಧವಲ್ಲ. 2024ರಲ್ಲಿ ಐಐಟಿಗಳಲ್ಲಿ ಇದ್ದದ್ದು 17,740 ಸೀಟು. ಜೆಇಇ ಅಡ್ವಾನ್ಸ್ಡ್ ಬರೆದವರು ಸುಮಾರು 1.8 ಲಕ್ಷ. ಭಾಗಿಸಿದರೆ ಹತ್ತರಲ್ಲಿ ಒಬ್ಬರಿಗೆ ಸೀಟು. ಏನು ದೊಡ್ಡ ಮಾತು ಅನ್ನಿಸುತ್ತದೆ. ಆದರೆ ಅಡ್ವಾನ್ಸ್ಡ್ ಬಾಗಿಲಿಗೆ ಬರಲು ಮೇನ್ ಬರೆದವರು 14 ಲಕ್ಷಕ್ಕೂ ಹೆಚ್ಚು. ಅವರನ್ನು ಕೆಳಗಿಟ್ಟು ಭಾಗಿಸಿದರೆ ನೂರಕ್ಕೆ ಒಂದೂ ಚಿಲ್ಲರೆ. ಐಐಟಿ ಅದೇ, ಸೀಟು ಅವೇ. ಯಾರನ್ನು ಎಣಿಕೆಗೆ ಹಿಡಿದೆವು ಅನ್ನುವುದರ ಮೇಲೆ ಬಾಗಿಲು ಅಗಲವೋ ಕಿರಿದೋ ಆಗುತ್ತದೆ.

ಅಮೆರಿಕದ ಈ ಹೆಸರುವಾಸಿ ವಿಶ್ವವಿದ್ಯಾಲಯಗಳದ್ದು ಇನ್ನೂ ತಮಾಷೆ. ನಮ್ಮ ಹುಡುಗ ಅರ್ಜಿ ಹಾಕಿದ ಆ ಸುತ್ತಿನಲ್ಲಿ ಎಂಐಟಿಗೆ ಬಂದವು 28,232 ಅರ್ಜಿ, ಸೀಟು ಕೊಟ್ಟದ್ದು 1,284 ಮಂದಿಗೆ. ಹಾರ್ವರ್ಡ್‌ಗೆ 54,008 ಅರ್ಜಿ, ಕೊಟ್ಟದ್ದು 1,937. ಈ ಸಂಖ್ಯೆಗಳನ್ನು ನೋಡಿದರೆ ಲಾಟರಿ ಅನ್ನಿಸುತ್ತದೆ. ಲಾಟರಿಯಲ್ಲಿ ಎಲ್ಲ ಚೀಟಿಯೂ ಒಂದೇ ತೂಕ. ಇಲ್ಲಿ ಹಾಗಿಲ್ಲ. ಹೊರದೇಶದ ಆ ನೂರು ಮಂದಿಯಲ್ಲಿ ಯಾರದೋ ಚಾನ್ಸ್ ಅರ್ಧದಷ್ಟು ಇರುತ್ತದೆ, ಯಾರದೋ ಸೊನ್ನೆ. ಎಲ್ಲರದನ್ನೂ ಕೂಡಿಸಿ ಭಾಗಿಸಿದಾಗ ಬರುವುದು ಎರಡು. ಊರಿನ ಸರಾಸರಿ ಮಳೆ ಇಷ್ಟು ಅಂದರೆ ನಿನ್ನ ಹೊಲದಲ್ಲಿ ಎಷ್ಟು ಬಿತ್ತು ಅಂತ ತಿಳಿಯುತ್ತದೆಯೇ? ಅರ್ಜಿ ಹಾಕಿದವರಲ್ಲಿ ಬಹುಪಾಲು ಜನ ತಮ್ಮಲ್ಲಿ ಓದಿ ದಕ್ಕಿಸಿಕೊಳ್ಳಬಲ್ಲವರೇ ಅಂತ ಆ ವಿಶ್ವವಿದ್ಯಾಲಯಗಳವರೇ ಹೇಳುತ್ತ ಬಂದಿದ್ದಾರೆ. ಅಂದಮೇಲೆ ಗೆರೆ ಎಲ್ಲಿ? ಗೆರೆಯೇ ಇಲ್ಲ. ಕಡತ ತೆರೆದು ಇಬ್ಬರೋ ಮೂವರೋ ಓದುತ್ತಾರೆ, ಕೂತು ಮಾತಾಡುತ್ತಾರೆ, ಹೂಂ ಅಥವಾ ಉಹೂಂ.

ಅಲ್ಲಿನ ಪ್ರವೇಶಕ್ಕೆ ಬರೆಯುವ ಸ್ಯಾಟ್ ಪರೀಕ್ಷೆಯಲ್ಲಿ ಹುಡುಗನ ಅಂಕ ಬಂದಾಗ ಇದು ನನಗೆ ಸರಿಯಾಗಿ ತಾಗಿತು. ಕೊರೊನಾ ಕಾಲದಲ್ಲಿ ಬಿಟ್ಟಿದ್ದ ಆ ಪರೀಕ್ಷೆಯನ್ನು ಎಂಐಟಿ 2022ರಲ್ಲೇ ಮತ್ತೆ ಕಡ್ಡಾಯ ಮಾಡಿತ್ತು. ಅವನಿಗೆ ಸೆಂಟರ್ ಸಿಕ್ಕಿದ್ದು ಬೆಂಗಳೂರಿನಲ್ಲಿ. ಗೋಲಗುಂಬಜ್ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿಯಿಡೀ ಕೂತು, ಯಾರದೋ ಲ್ಯಾಪ್‌ಟಾಪ್ ಎರವಲು ತಗೊಂಡು, ಬರೆದು ಬಂದ. ಗಣಿತದಲ್ಲಿ 800ಕ್ಕೆ 790. ಇಂಗ್ಲಿಷಿನಲ್ಲಿ 690. ಆ 690 ನನ್ನ ವಿಷಯ. ಎರಡು ವರ್ಷ ಪಾಠ ಮಾಡಿದ್ದು ನಾನು.

ಗುಡ್, ಸ್ಯಾಟಿಸ್ಫ್ಯಾಕ್ಟರಿ

ಅರ್ಜಿಗೆ ಇಬ್ಬರು ಮಾಸ್ತರರ ಶಿಫಾರಸು ಪತ್ರ ಬೇಕು. ಒಬ್ಬರು ಗಣಿತ-ವಿಜ್ಞಾನದವರು, ಒಬ್ಬರು ಭಾಷೆ-ಸಮಾಜದವರು. ಎರಡನೆಯದು ನನ್ನ ಪಾಲಿಗೆ ಬಂತು. ನಾನು ಖುಷಿಯಿಂದಲೇ ಒಪ್ಪಿಕೊಂಡೆ. ಸರ್ಟಿಫಿಕೇಟ್ ಬರೆಯುವುದು ನಮಗೇನು ಹೊಸದೇ? ಪ್ರತಿ ಜೂನ್‌ನಲ್ಲಿ ಟಿಸಿ ಜೊತೆ ಮುನ್ನೂರು ಕ್ಯಾರೆಕ್ಟರ್ ಸರ್ಟಿಫಿಕೇಟಿಗೆ ಸಹಿ ಹಾಕುತ್ತೇವೆ. ಅಚ್ಚಾದ ನಮೂನೆ ಇರುತ್ತದೆ, ಹೆಸರಿನ ಜಾಗ ಖಾಲಿ. ನಡತೆ: ಗುಡ್. ಜಗಳಾಡಿ ಕಿಟಕಿ ಗಾಜು ಒಡೆದವನಾದರೆ: ಸ್ಯಾಟಿಸ್ಫ್ಯಾಕ್ಟರಿ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ನಾನು ಮನುಷ್ಯರನ್ನು ಈ ಎರಡು ಪದಗಳಲ್ಲಿ ಹಂಚಿದ್ದೇನೆ.

ರಾತ್ರಿ ಊಟವಾದ ಮೇಲೆ ಕೂತು ಅರ್ಧ ಗಂಟೆಯಲ್ಲಿ ಪತ್ರ ಬರೆದೆ. ಪರಿಶ್ರಮಿ, ವಿಧೇಯ, ಪ್ರಾಮಾಣಿಕ, ಗುರುಹಿರಿಯರಲ್ಲಿ ಗೌರವ, ಬಡತನದಲ್ಲೂ ಛಲ. ಇಂಗ್ಲಿಷ್ ಚೆನ್ನಾಗಿತ್ತು, ಕಾಮಾಗಳೆಲ್ಲ ಜಾಗದಲ್ಲಿದ್ದವು. ಹೆಂಡತಿಗೆ ಓದಿ ಹೇಳಿದೆ. ಆಕೆ ಪಾತ್ರೆ ಒರೆಸುತ್ತಾ ಕೇಳಿ, 'ಇದು ಯಾರ ಬಗ್ಗೆ ಬರದದ್ದು?' ಅಂದಳು. ಹುಡುಗನ ಹೆಸರು ಹೇಳಿದೆ. 'ಅದಲ್ರೀ. ಹ್ವಾದ ವರ್ಷ ಡಿಗ್ರಿಗೆ ಹ್ವಾದ ಆ ಹುಡುಗಿಗೂ ಹಿಂಗಾ ಬರದಿದ್ರಿ.'

ಬೇಜಾರಾಯಿತು, ಯಾಕೆಂದರೆ ನಿಜ. ಹೆಸರು ತೆಗೆದರೆ ಆ ಪತ್ರ ನಮ್ಮ ಸೆಕ್ಷನ್ನಿನ ಎಂಬತ್ತೂ ಮಕ್ಕಳಿಗೆ ಹೊಂದುತ್ತಿತ್ತು. ಜಗತ್ತಿನ ಇನ್ನೊಂದು ಮೂಲೆಯಲ್ಲಿ ಇದೇ ಕೆಲಸಕ್ಕೆಂದೇ ಕೌನ್ಸೆಲರುಗಳನ್ನು ಇಟ್ಟುಕೊಂಡ ಶಾಲೆಗಳಿವೆ. ಅವರು ವರ್ಷಕ್ಕೆ ಹತ್ತಾರು ಪತ್ರ ಬರೆಯುತ್ತಾರೆ, ಯಾವ ಮಾತು ಓದುವವನ ಕಣ್ಣು ನಿಲ್ಲಿಸುತ್ತದೆ ಅಂತ ಅವರಿಗೆ ಗೊತ್ತು. ಆ ಪತ್ರಗಳ ರಾಶಿಯಲ್ಲಿ ನನ್ನ 'ವಿಧೇಯ' ಹೋಗಿ ಬೀಳಬೇಕು. ನಮ್ಮಲ್ಲಿ ವಿಧೇಯ ಅನ್ನುವುದು ಹೊಗಳಿಕೆ. ಅಲ್ಲಿ ಅದನ್ನು ಹೇಗೆ ಓದುತ್ತಾರೋ. ಅವನ ಚಾನ್ಸ್ ಎಷ್ಟು ಅಂತ ಅವನು ನನ್ನನ್ನು ಕೇಳಿದ್ದನಲ್ಲ, ಅದರ ಒಂದು ಪಾಲು ನನ್ನ ಕೈಯಲ್ಲೇ ಇತ್ತು. ನನ್ನ ಕೈಯಲ್ಲೋ ಎರಡು ವಿಶೇಷಣ ಬಿಟ್ಟು ಬೇರೇನೂ ಇರಲಿಲ್ಲ.

ಮರುದಿನ ಅವನನ್ನು ಕರೆದು, ರವಿವಾರ ನಿಮ್ಮ ಊರಿಗೆ ಬರುತ್ತೇನೆ ಅಂದೆ. ಅವನ ಮುಖ ಕಪ್ಪಿಟ್ಟಿತು. ಮಾಸ್ತರು ಮನೆಗೆ ಬರುತ್ತಾರೆ ಅಂದರೆ ನಮ್ಮ ಕಡೆ ದೂರು ಹೇಳಲಿಕ್ಕೇ.

ಖಾಲಿ ಶೆಡ್ಡು

ಅಕ್ಟೋಬರ್ ಅಂದರೆ ದ್ರಾಕ್ಷಿಗೆ ಛಾಟಣಿ ಕಾಲ. ಟಿಕೋಟಾ ದಾಟಿದ ಮೇಲೆ ಎರಡೂ ಬದಿ ತೋಟಗಳು ಬೋಳಾಗಿ ನಿಂತಿದ್ದವು, ಬರೀ ಕಡ್ಡಿ ಮತ್ತು ತಂತಿ. ಅವನ ತಂದೆ ಕತ್ತರಿ ಹಿಡಿದೇ ಎದುರು ಬಂದರು. 'ಏನ್ ತಪ್ಪು ಮಾಡ್ಯಾನ್ರಿ ಸರ್?' ಏನೂ ಇಲ್ಲ ಅಂದೆ. ನಂಬಲಿಲ್ಲ. ಎಂಐಟಿ ವಿಷಯ ತೆಗೆದಾಗ, 'ಹೌದ್ರಿ, ಏನೇನೋ ಫಾರಂ ತುಂಬ್ಲಾಕತ್ತಾನ. ಮಣಿಪಾಲ ಅಂದ್ರ ದೂರ ಆಗ್ತೈತಲ್ರಿ?' ಅಂದರು. ಹುಡುಗ ನನ್ನ ಮುಖ ನೋಡಿದ. ಇನ್ನೂ ಹೇಳಿರಲಿಲ್ಲ. ಆ ಕೆಲಸವೂ ನನಗೇ ಬಂತು. ಅವರು ಸಾವಕಾಶ ಕೇಳಿಸಿಕೊಂಡು, ಕತ್ತರಿಯನ್ನು ಪಂಚೆಗೆ ಒರೆಸಿ, 'ಅಲ್ಲಿಗೆ ಎಷ್ಟ್ ತಾಸಿನ ಹಾದಿ?' ಅಂತಷ್ಟೇ ಕೇಳಿದರು.

ಹುಡುಗ ನನ್ನನ್ನು ಮಣೂಕದ, ಅಂದರೆ ಒಣದ್ರಾಕ್ಷಿಯ, ಶೆಡ್ಡಿಗೆ ಕರೆದುಕೊಂಡು ಹೋದ. ಗೊನೆಗಳನ್ನು ಪೊಟ್ಯಾಶಿಯಂ ಕಾರ್ಬೋನೇಟ್ ಮತ್ತು ಡಿಪ್ಪಿಂಗ್ ಆಯಿಲ್ಲಿನ ನೀರಿನಲ್ಲಿ ಅದ್ದಿ ತೆಗೆದು, ತಂತಿ ಜಾಳಿಗೆಯ ಸಾಲುಗಳ ಮೇಲೆ ಹರಡಿ ನೆರಳಲ್ಲಿ ಒಣಗಿಸುತ್ತಾರೆ. ಹದಿನೈದು ದಿನದ ಆಚೀಚೆ ಬೇಕು. ಸುಮಾರು ನಾಲ್ಕು ಕಿಲೋ ದ್ರಾಕ್ಷಿಗೆ ಒಂದು ಕಿಲೋ ಮಣೂಕ. ಇದೆಲ್ಲ ನಮ್ಮ ಜಿಲ್ಲೆಯ ಓದುಗರಿಗೆ ಗೊತ್ತಿದ್ದದ್ದೇ. ಅಕ್ಟೋಬರಿನಲ್ಲಿ ಶೆಡ್ಡು ಖಾಲಿ. ಪತ್ರಾ ಸೂರಿನ ಕೆಳಗೆ ಒಂದರ ಮೇಲೊಂದು ಹನ್ನೆರಡು ಸಾಲು ಜಾಳಿಗೆ, ಎಣಿಸಿದೆ. ತಂತಿಗೆ ಅಲ್ಲಲ್ಲಿ ಹೋದ ಹಂಗಾಮಿನ ಅಂಟು ಒಣಗಿ ಹಿಡಿದಿತ್ತು. ತೀರ ಮೇಲಿನ ಸಾಲಿನಲ್ಲಿ ಒಂದು ಗೊಬ್ಬರದ ಚೀಲ ಸುತ್ತಿ ಇಟ್ಟಿದ್ದರು.

ಮೂಲೆಯ ಮೊಳೆಗೆ ನೇತುಹಾಕಿದ್ದ ಪ್ಲಾಸ್ಟಿಕ್ ಕೈಚೀಲದಿಂದ ಅವನು ಒಂದು ಉದ್ದ ನೋಟಬುಕ್ಕು ತೆಗೆದ. 'ಇದು ಏನ್ ಅಲ್ರಿ ಸರ್, ಸುಮ್ನ ಬರಕೊಂಡಿದ್ದು.' ಎಡಕ್ಕೆ ತಾರೀಖು, ಆಮೇಲೆ ಒಂದೊಂದು ಸಾಲಿಗೆ ಒಂದೊಂದು ಕಾಲಂ. ದಿನಾ ಸಂಜೆ ಪ್ರತಿ ಸಾಲಿನಿಂದ ನೂರು ಕಾಳು ಎಣಿಸಿ ಕಿತ್ತು, ಕಿರಾಣಿ ಅಂಗಡಿಯಿಂದ ಹಳೇದೆಂದು ಕಡಿಮೆ ರೇಟಿಗೆ ಸಿಕ್ಕ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ಗ್ರಾಂನಲ್ಲಿ ಬರೆದು, ಆ ಕಾಳುಗಳನ್ನು ಅದೇ ಸಾಲಿನ ಒಂದು ಗುರುತಿನ ಜಾಗಕ್ಕೆ ವಾಪಸ್ ಹಾಕುತ್ತಿದ್ದ. ಮರುದಿನ ಅವೇ ನೂರು ಕಾಳು. ಮೇಲಿನವು ಬೇಗ ಒಣಗುತ್ತವೆ, ಕೆಳಗಿನವು ತಡ ಅನ್ನುವುದು ಅವರಪ್ಪನಿಗೂ ಗೊತ್ತಿತ್ತು. ಎಷ್ಟು ತಡ ಅನ್ನುವುದು ಇವನಿಗೆ ಬೇಕಿತ್ತು. ಪಡುವಣ ಬದಿಯ ಕೆಳಗಿನ ಸಾಲು ಮೂರು ದಿನ ಹಿಂದೆ ಬೀಳುತ್ತದೆ ಅಂತ ತೋರಿಸಿದ. 'ಎಲ್ಲಾ ಕೂಡೇ ಉದುರಸಿದ್ರ ಕೆಳಗಿಂದು ಹಸಿ ಉಳಿದು ಬೂಸು ಹಿಡೀತೈತ್ರಿ. ಅಪ್ಪಗ ಹೇಳಿದ್ನಿ. ಅದನ್ನ ಬ್ಯಾರೆ ಉದುರಸಾಕತ್ತೀವ್ರಿ ಈಗ.'

ಪುಟ ತಿರುವುತ್ತಾ ಹೋದೆ. ಒಂದು ಕಡೆ ಒಂಬತ್ತನೇ ದಿನದ ಹತ್ತಿರ ಅಂಕಿಗಳು ನಿಂತುಹೋಗಿದ್ದವು. ಅಡ್ಡಲಾಗಿ ಒಂದೇ ಶಬ್ದ: ಮಳಿ. ಅದರ ಮುಂದಿನ ಐದಾರು ಪುಟ ಖಾಲಿ. ಮುಂದೆ ಯಾಕೆ ಬರೆಯಲಿಲ್ಲ ಅಂದೆ. 'ತೂಗೂದು ಏನ್ ಉಳಿದಿರಲಿಲ್ರಿ ಸರ್' ಅಂದ. ಮುಂದಿನ ಹಂಗಾಮಿಗೆ ಹೊಸ ಪುಟದಲ್ಲಿ ಮತ್ತೆ ಒಂದನೇ ದಿನದಿಂದ ಶುರುವಾಗಿತ್ತು, ಅದೇ ಕಾಲಂಗಳು, ಜೊತೆಗೆ ಕೊನೆಗೆ ಒಂದು ಹೊಸ ಕಾಲಂ: ಮೋಡ.

ಎರಡು ವರ್ಷ ನನ್ನೆದುರು ಮೂರನೇ ಬೆಂಚಿನಲ್ಲಿ ಕೂತವನು ಇವನೇ. ಅವನಿಗೆ ನಾನು ಪ್ರಬಂಧ ಬರೆಯಲು ಕೊಟ್ಟ ವಿಷಯಗಳು: ದೂರದರ್ಶನದ ಉಪಯೋಗಗಳು, ಶಿಸ್ತಿನ ಮಹತ್ವ. ಅರ್ಜಿಗೆ ತನ್ನ ಬಗ್ಗೆ ಬರೆಯಬೇಕಾದ ಸಣ್ಣ ಸಣ್ಣ ಉತ್ತರಗಳಿಗೂ ಅವನು ಮೊದಲ ಕರಡಿನಲ್ಲಿ ಗೋಳಗುಮ್ಮಟದ ಪ್ರತಿಧ್ವನಿಯನ್ನೇ ಬರೆದಿದ್ದ. ತನ್ನ ಊರು ಅಂದರೆ ಗುಮ್ಮಟ ಅಂತ ಹೇಳಿಕೊಟ್ಟವರು ನಾವು. ನೋಟಬುಕ್ಕು ಮೊಳೆಗೆ ನೇತಾಡುತ್ತಿತ್ತು.

ಅವತ್ತೇ ನೋಟಬುಕ್ಕಿನ ಎರಡು ಪುಟಗಳ ಫೋಟೋ ತೆಗೆದುಕೊಂಡು ಬಂದೆ. ಹಳೆ ಪತ್ರ ಅಳಿಸಿದೆ. ಹೊಸದು ಬರೆಯಲು ಒಂಬತ್ತು ದಿನ ಹಿಡಿಯಿತು. 'ಪತ್ರಾ ಸೂರಿನ ಶೆಡ್ಡಿನಲ್ಲಿ, ಹನ್ನೆರಡು ಸಾಲು ಜಾಳಿಗೆಗಳಲ್ಲಿ, ಪ್ರತಿ ಸಂಜೆ ನೂರು ಕಾಳು' ಅಂತ ಶುರುವಾಗುವ ಪತ್ರ. ಅದರಲ್ಲಿ ವಿಧೇಯ ಅನ್ನುವ ಶಬ್ದ ಇರಲಿಲ್ಲ.

ಸುಲಭದ ಬಾಗಿಲೇ ಕಷ್ಟ

ದುಡ್ಡಿನ ಮಾತು ಚುಟುಕಾಗಿ. ವರ್ಷಕ್ಕೆ ಎಂಬತ್ತು ಸಾವಿರ ಡಾಲರಿಗೂ ಹೆಚ್ಚು ಖರ್ಚು. ದ್ರಾಕ್ಷಿ ಬೆಳೆಗಾರನಿಗೆ ಆ ಅಂಕಿ ಹೇಳುವುದೇ ಅಸಭ್ಯ. ಆದರೆ ಎಂಐಟಿ, ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ನಂಥ ಕೆಲವೇ ಕಡೆ ಹೊರದೇಶದ ಮಕ್ಕಳದ್ದೂ ಸೇರಿ, ದುಡ್ಡು ಕೊಡಬಲ್ಲರೋ ಇಲ್ಲವೋ ಅಂತ ನೋಡದೇ ಆರಿಸುತ್ತಾರೆ, ಆರಿಸಿದ ಮೇಲೆ ಬೇಕಾದಷ್ಟು ನೆರವು ಅವರೇ ಕೊಡುತ್ತಾರೆ. ಉಳಿದ ಬಹಳಷ್ಟು ಕಡೆ ಹೊರದೇಶದವನು ನೆರವು ಕೇಳಿದ ಅಂದರೆ ಅದೇ ಅವನ ವಿರುದ್ಧ ತೂಗುತ್ತದೆ. ಅಂದರೆ ದುಡ್ಡಿದ್ದವರಿಗೆ ಸುಲಭದ ಬಾಗಿಲುಗಳು ನಮ್ಮ ಹುಡುಗನಿಗೆ ಮುಚ್ಚಿದ್ದವು. ತೆರೆದದ್ದು ನೂರಕ್ಕೆ ಎರಡರದ್ದು ಮಾತ್ರ. ಅವನದು ಹುಂಬತನ ಅಂತ ಸ್ಟಾಫ್ ರೂಮಿನಲ್ಲಿ ನಕ್ಕಿದ್ದೆವಲ್ಲ, ಅವನು ಇದನ್ನೆಲ್ಲ ಓದಿಕೊಂಡೇ ಕೇಳಿದ್ದ.

ತಂದೆಯ ಆದಾಯ ತೋರಿಸಬೇಕಿತ್ತು. ನಾಡಕಚೇರಿಯ ಪ್ರಮಾಣಪತ್ರದಲ್ಲಿದ್ದ ಅಂಕಿ ನೋಡಿದರೆ ಆ ಮನೆಯವರು ಗಾಳಿ ತಿಂದು ಬದುಕಬೇಕು. ಹಾಗಂತ ಮಳೆ ಹೊಡೆದ ವರ್ಷದ ನಿಜವಾದ ಲೆಕ್ಕ ತೆಗೆದರೆ ಸಾಲ ಕಳೆದು ಉಳಿಯುವುದು ಅದಕ್ಕೂ ಕಡಿಮೆ. ಕೊನೆಗೆ ಎರಡನ್ನೂ ವಿವರಿಸಿ ಒಂದು ಪುಟ ಬರೆದು ಲಗತ್ತಿಸಿದೆವು.

ಇನ್ನೊಂದು ಮಾತು ಹೇಳದೇ ಬಿಡಲಾರೆ. ಹಾರ್ವರ್ಡ್ ಮೇಲಿನ ಮೊಕದ್ದಮೆಯಲ್ಲಿ ಹೊರಬಿದ್ದ ಲೆಕ್ಕದ ಪ್ರಕಾರ, ಅಲ್ಲೇ ಓದಿದವರ ಮಕ್ಕಳಿಗೆ ಮೂವರಲ್ಲಿ ಒಬ್ಬರಿಗೆ ಸೀಟು ಸಿಗುತ್ತಿತ್ತು. ಉಳಿದವರಿಗೆ ನೂರಕ್ಕೆ ಆರು. ಒಂದೇ ಸ್ಯಾಟ್ ಅಂಕವಿದ್ದರೂ ತೀರ ಮೇಲಿನ ಶೇಕಡಾ ಒಂದರಷ್ಟು ಸಿರಿವಂತರ ಮಕ್ಕಳು ಇಂಥ ಕಡೆ ಸೇರುವ ಸಾಧ್ಯತೆ ಮಧ್ಯಮ ವರ್ಗದವರ ಎರಡು ಪಟ್ಟಿಗೂ ಹೆಚ್ಚು ಅಂತ 2023ರಲ್ಲಿ ರಾಜ್ ಚೆಟ್ಟಿ ಮತ್ತು ಸಂಗಡಿಗರ ಅಧ್ಯಯನ ತೋರಿಸಿತು. ಎಂಐಟಿ ಈ ತಂದೆ-ತಾಯಿ ಲೆಕ್ಕ ನೋಡುವುದಿಲ್ಲ, ಅದು ಬೇರೆ. ಇದನ್ನು ಹುಡುಗನಿಗೆ ಹೇಳಿದಾಗ ಅವನು ಸಿಟ್ಟಾಗಲಿಲ್ಲ, ನಕ್ಕ. ಅವನ ಅತ್ತೆಯನ್ನು ಭೀಮಾ ಹೊಳೆ ಆಚೆ ಅಫಜಲಪುರ ಕಡೆ ಕೊಟ್ಟಿದ್ದಾರೆ. ಅತ್ತೆಯ ಮಗನಿಗೆ ಕಲ್ಯಾಣ ಕರ್ನಾಟಕದವರ 371ಜೆ ಮೀಸಲಾತಿ ಇದೆ, ಹೊಳೆ ಈಚೆಯ ಇವನಿಗಿಲ್ಲ. ಬಿಸಿಲು ಒಂದೇ, ಜೋಳ ಒಂದೇ. 'ನಮ್ಮಲ್ಲಿ ಹೊಳಿ, ಅಲ್ಲಿ ಅಪ್ಪ' ಅಂದ. ನನಗೆ ಎರಡನ್ನೂ ಒಂದೇ ತಕ್ಕಡಿಗೆ ಹಾಕಲು ಮನಸ್ಸಿಲ್ಲ. ಹಿಂದುಳಿದ ಸೀಮೆಗೆ ಕೊಟ್ಟದ್ದು ಬೇರೆ, ಉಂಡವರಿಗೇ ಬಡಿಸಿದ್ದು ಬೇರೆ. ಆದರೆ ಹದಿನೇಳು ವರ್ಷದವನ ನಗುವಿಗೆ ಎದುರು ಮಾತಾಡಲು ಹೋಗಲಿಲ್ಲ.

ಬೆಳಗಿನ ಜಾವ 3:58

ಎಂಐಟಿಯವರದು ಒಂದು ಚೇಷ್ಟೆ ಇದೆ. ಫಲಿತಾಂಶವನ್ನು ಮಾರ್ಚ್ 14ಕ್ಕೆ ಕೊಡುತ್ತಾರೆ, ಪೈ ದಿನ, 3.14. ಹೊತ್ತು ಸಂಜೆ 6:28, ಯಾಕೆಂದರೆ ಪೈ ಎರಡು ಪಟ್ಟಾದರೆ 6.28. ನಮ್ಮ ಗಡಿಯಾರದಲ್ಲಿ ಅದು ಮಾರ್ಚ್ 15ರ ಬೆಳಗಿನ ಜಾವ 3:58. 2024ರ ಆ ದಿನ ದ್ವಿತೀಯ ಪಿಯುಸಿ ಬೋರ್ಡ್ ಪರೀಕ್ಷೆಯ ನಡುವೆ ಬಿತ್ತು. ದ್ರಾಕ್ಷಿಯೂ ಶೆಡ್ಡಿನಲ್ಲೇ ಇತ್ತು. ನಾನು ಅಲಾರಾಂ ಇಟ್ಟಿರಲಿಲ್ಲ, ಆದರೆ ಮೂರೂವರೆಗೇ ಎಚ್ಚರವಾಗಿತ್ತು. ನಾಲ್ಕು ಗಂಟೆ ನಾಲ್ಕು ನಿಮಿಷಕ್ಕೆ ಫೋನ್ ಬಂತು.

'ಆಗ್ಲಿಲ್ರಿ ಸರ್.'

ಹಿಂದೆ ಪ್ಲಾಸ್ಟಿಕ್ಕಿನ ಪಟಪಟ ಸದ್ದು ಕೇಳುತ್ತಿತ್ತು. ಶೆಡ್ಡಿನಲ್ಲೇ ಮಲಗಿದ್ದನಂತೆ, ನೆಟ್‌ವರ್ಕ್ ಅಲ್ಲೇ ಚೆನ್ನಾಗಿ ಬರುತ್ತದೆ. ಏನಾದರೂ ಹೇಳಬೇಕು ಅಂತ ಬಾಯಿ ತೆರೆದೆ. 'ಗಾಳಿ ಎದ್ದೈತ್ರಿ ಸರ್, ತಾಡಪತ್ರಿ ಜಗ್ಗಬೇಕು, ಇಡ್ತೇನ್ರಿ' ಅಂದ.

ಪರೀಕ್ಷೆ ಮುಗಿದ ವಾರ ಅವರ ಊರಿಗೆ ಹೋದೆ. ಮಣೂಕ ಉದುರಿಸುವ ಕೆಲಸ ನಡೆದಿತ್ತು. ಅವನ ತಾಯಿ ಒಂದು ಬೊಗಸೆ ತಂದು ಕೈಗೆ ಸುರಿದರು. ಚಹಾ ಕುಡಿಯುತ್ತಾ ತಂದೆ ಕೇಳಿದರು, 'ಸರ್, ನೀವು ಅವರಿಗೆ ಇವನ ಬಗ್ಗೆ ಏನ್ ಬರದಿದ್ರಿ?' ಪತ್ರ ನೋಡುವ ಹಕ್ಕು ನನಗೆ ಬೇಡ ಅಂತ ಹುಡುಗ ಅರ್ಜಿಯಲ್ಲಿ ಟಿಕ್ ಹಾಕಿದ್ದ, ಹಾಕಿದರೆ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ಈಗ ಎಲ್ಲ ಮುಗಿದಿತ್ತು. ಫೋನ್ ತೆಗೆದು, ಇಂಗ್ಲಿಷನ್ನು ನೋಡಿಕೊಳ್ಳುತ್ತಾ ಕನ್ನಡದಲ್ಲಿ ಹೇಳತೊಡಗಿದೆ. ಹುಡುಗ ಎದ್ದು ಹೊರಗೆ ಹೋದ. ಹನ್ನೆರಡು ಸಾಲು ಜಾಳಿಗೆ, ಪ್ರತಿ ಸಂಜೆ ನೂರು ಕಾಳು ಅನ್ನುವಷ್ಟರಲ್ಲಿ ತಂದೆ ಕೈ ಎತ್ತಿದರು.

'ಹನ್ನೊಂದು ಅನ್ರಿ ಸರ್.'

ನಾನು ಎಣಿಸಿದ್ದೆನಲ್ಲ ಅಂದೆ.

'ಹನ್ನೆರಡು ಅದಾವು ಖರೆ. ಮ್ಯಾಲಿಂದಕ್ಕ ಪತ್ರಾದ ಕಾವು ಹತ್ತಿ ಕಾಳು ಕರ್ರಗಾಗ್ತಾವು, ಅಲ್ಲಿ ನಾವು ಹಾಕಂಗಿಲ್ಲ. ಅದರಾಗ ಇವನ ಹಳೆ ಪುಸ್ತಕ ಇರ್ತಾವು, ಗೊಬ್ಬರದ ಚೀಲದಾಗ. ಕೆಳಗಿಟ್ರ ಇಲಿ ಕಡೀತಾವು.'

ಫೋನಿನಲ್ಲಿ ಅಕ್ಟೋಬರಿನ ಫೋಟೋ ಇನ್ನೂ ಇತ್ತು. ಬೆರಳಿನಿಂದ ದೊಡ್ಡದು ಮಾಡಿ, ನೋಟಬುಕ್ಕಿನ ಕಾಲಂಗಳನ್ನು ಎಡದಿಂದ ಎಣಿಸಿದೆ. ತಾರೀಖು ಮತ್ತು ಮೋಡ ಬಿಟ್ಟು ಹನ್ನೊಂದು.